ಬೇಕಲದಿಂದ ಸಿಡ್ಮತ್‌ಗೆ: ಆಕಾಶ ನೋಡಿದವರ ಕಾಗದಗಳ ಬೆನ್ನು ಹತ್ತಿ ಐದು ದಿನ

ನಮ್ಮದು ಕುಂಬಳೆ ಸೀಮೆಯ ಒಂದು ಅಡಿಕೆ ತೋಟದ ಮನೆ. ಅಂಗಳದ ಅಂಚಿನಲ್ಲಿ, ಮರಗಳ ಹನಿ ಬೀಳದ ಜಾಗ ನೋಡಿ ಅಪ್ಪ ಒಂದು ಮಳೆಮಾಪಕ ನೆಟ್ಟಿದ್ದರು. ಆಟಿ ತಿಂಗಳ ಎಂಥ ಜಡಿಮಳೆಯಿದ್ದರೂ ಬೆಳಗ್ಗೆ ಎಂಟೂವರೆಗೆ ಕೊಡೆ ಹಿಡಿದು ಹೋಗಿ ನೀರು ಅಳೆದು, ಪಂಚಾಂಗದ ಆ ದಿನದ ಪಕ್ಕದಲ್ಲಿ ಇಂಚಿನ ಲೆಕ್ಕ ಬರೆಯುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಆ ಕೆಲಸ ತಮ್ಮನದು. ನಾನು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವನು. ‘ಸೈಮನ್ಸ್ ಮಳೆಮಾಪಕ’ದ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆ ಸೈಮನ್ಸ್ ಯಾರು ಎಂದು ಯಾವ ಮಗುವೂ ಕೇಳಲಿಲ್ಲ, ನಾನೂ ಹುಡುಕಿರಲಿಲ್ಲ.

ನಿವೃತ್ತಿಯಾದ ಮೇಲೆ ಹುಡುಕಿದೆ. ಒಂದು ಹೆಸರು ಇನ್ನೊಂದಕ್ಕೆ ಕೊಂಡಿಯಾಯಿತು. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ನಕ್ಷತ್ರ ನೋಡುವವರೂ ಮಳೆ ಅಳೆಯುವವರೂ ಒಬ್ಬರಿಗೊಬ್ಬರು ಬರೆದ ಕಾಗದಗಳ ಒಂದು ದೊಡ್ಡ ಬಲೆಯೇ ಇತ್ತೆಂದು ತಿಳಿಯಿತು. ಅದರ ಒಂದು ಎಳೆ ನಮ್ಮ ಮನೆಯಿಂದ ಮೂವತ್ತು ಕಿಲೋಮೀಟರಿನೊಳಗಿರುವ ಬೇಕಲ ಕೋಟೆಯ ಊರಿಗೂ ಬಂದು ಹೋಗಿತ್ತು. ಮಗಳು ರೆಡಿಂಗ್ ಪಟ್ಟಣದಲ್ಲಿದ್ದಾಳೆ. ಈ ಜುಲೈಯಲ್ಲಿ ಅವಳ ಮನೆಗೆ ಹೋದಾಗ ಐದು ದಿನಗಳನ್ನು ಆ ಕಾಗದಗಳಿಗೆಂದೇ ಮೀಸಲಿಟ್ಟೆ.

ಮೊದಲ ದಿನ: ಗ್ರೀನಿಚ್

ರೆಡಿಂಗ್‌ನಿಂದ ಲಂಡನ್ನಿಗೆ ರೈಲಿನಲ್ಲಿ ಅರ್ಧ ಗಂಟೆ. ಅಲ್ಲಿಂದ ಗ್ರೀನಿಚ್ ತಲುಪಿ, ಉದ್ಯಾನದ ದಿಬ್ಬ ಹತ್ತುವಾಗ ಮಂಡಿ ಸ್ವಲ್ಪ ಹಿಡಿಯಿತು. ವೀಕ್ಷಣಾಲಯದ ಗೋಪುರದ ಕಂಬದ ಮೇಲೆ ಕೆಂಪು ಚೆಂಡೊಂದು ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಕೆಳಗೆ ಬೀಳುತ್ತದೆ. 1833ರಿಂದ ಇದು ನಡೆದು ಬಂದಿದೆ. ಥೇಮ್ಸ್ ನದಿಯಲ್ಲಿ ನಿಂತ ಹಡಗುಗಳು ಇದನ್ನು ನೋಡಿ ಗಡಿಯಾರ ಸರಿಪಡಿಸಿಕೊಳ್ಳುತ್ತಿದ್ದವು. ಚೆಂಡು ಇಳಿದಾಗ ಸುತ್ತಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಹೆಚ್ಚಿನವರು ಶೂನ್ಯ ರೇಖಾಂಶದ ಗೆರೆಯ ಮೇಲೆ ಎರಡು ಕಾಲಿಟ್ಟು ಫೋಟೋ ತೆಗೆಸಿಕೊಳ್ಳಲು ಬರುತ್ತಾರೆ. ಆ ಗೆರೆಯನ್ನು ನಿಗದಿ ಮಾಡಿದ ದೂರದರ್ಶಕ ಜಾರ್ಜ್ ಏರಿ ಅವರದು. 1835ರಿಂದ 1881ರವರೆಗೆ, ಒಟ್ಟು 46 ವರ್ಷ, ಅವರು ಇಲ್ಲಿ ರಾಜ ಖಗೋಳಜ್ಞರಾಗಿದ್ದರು. ಅವರ ಕಾಲದಲ್ಲಿಯೇ ಈ ದಿಬ್ಬದ ಮೇಲೆ ಅಯಸ್ಕಾಂತ ಮತ್ತು ಹವಾಮಾನದ ವಿಭಾಗವೊಂದು ಹುಟ್ಟಿತು. ಅದರ ಮೇಲ್ವಿಚಾರಕ ಜೇಮ್ಸ್ ಗ್ಲೇಶರ್.

ನಕ್ಷತ್ರ ನೋಡುವವರಿಗೆ ಹವೆಯ ಗೊಡವೆ ಏಕೆ? ಮಕ್ಕಳಿಗೆ ನಾನು ನೀರಿನಲ್ಲಿಟ್ಟ ಪೆನ್ಸಿಲ್ ಮುರಿದಂತೆ ಕಾಣುವುದನ್ನು ತೋರಿಸುತ್ತಿದ್ದೆ. ನಕ್ಷತ್ರದ ಬೆಳಕೂ ಗಾಳಿಯೊಳಗೆ ಇಳಿಯುವಾಗ ಹಾಗೆಯೇ ಬಾಗುತ್ತದೆ. ಎಷ್ಟು ಬಾಗುತ್ತದೆ ಎನ್ನುವುದು ಆ ಹೊತ್ತಿನ ಗಾಳಿಯ ಉಷ್ಣತೆ ಮತ್ತು ಒತ್ತಡವನ್ನು ಹೊಂದಿಕೊಂಡಿದೆ. ಹೀಗಾಗಿ ದೂರದರ್ಶಕದ ಪಕ್ಕದಲ್ಲಿ ಉಷ್ಣಮಾಪಕ, ವಾಯುಭಾರಮಾಪಕ ಇಲ್ಲದೆ ನಕ್ಷತ್ರದ ಸ್ಥಾನವನ್ನು ನಿಖರವಾಗಿ ಬರೆಯಲು ಆಗುವುದಿಲ್ಲ. ಜಗತ್ತಿನ ವೀಕ್ಷಣಾಲಯಗಳಲ್ಲೆಲ್ಲ ದಿನದಿನದ ಹವೆಯ ಲೆಕ್ಕ ಬೇಡಬೇಡವೆಂದರೂ ಕೂಡಿಕೊಳ್ಳುತ್ತಿತ್ತು. ಅದಕ್ಕೊಂದು ಅರ್ಥ ಬರಬೇಕಾದರೆ ಒಂದೂರಿನ ಲೆಕ್ಕವನ್ನು ಇನ್ನೊಂದೂರಿನ ಲೆಕ್ಕದ ಪಕ್ಕದಲ್ಲಿ ಇಡಬೇಕು. 1840ರಲ್ಲಿ ಬ್ರಿಟನ್ನಿನಲ್ಲಿ ಒಂದು ಪೆನ್ನಿಯ ಅಂಚೆ ಬಂದಿತು. ಅರ್ಧ ಔನ್ಸ್ ತೂಕದ ಕಾಗದ ದೇಶದ ಯಾವ ಮೂಲೆಗಾದರೂ ಒಂದೇ ಪೆನ್ನಿಗೆ ತಲುಪುತ್ತಿತ್ತು. ಗ್ಲೇಶರ್ ಊರೂರಿನ ವೈದ್ಯರಿಗೆ, ಪಾದ್ರಿಗಳಿಗೆ, ಸ್ಥಿತಿವಂತರಿಗೆ ಬರೆದರು. ಒಂದೇ ಬಗೆಯ ಉಪಕರಣ, ಒಂದೇ ಬಗೆಯ ವೇಳೆ ಎಂದು ಕಟ್ಟುನಿಟ್ಟು ಮಾಡಿದರು. 1849ರಲ್ಲಿ ಲಂಡನ್ನಿನ ‘ಡೈಲಿ ನ್ಯೂಸ್’ ಪತ್ರಿಕೆಗೆ ರೈಲು ನಿಲ್ದಾಣಗಳ ಹವಾಮಾನವನ್ನು ತರಿಸುವ ಏರ್ಪಾಡನ್ನೂ ಮಾಡಿದರು.

ಸಂಜೆ ಮಗಳು, “ಅಪ್ಪಾ, ಗೆರೆಯ ಮೇಲೆ ನಿಂತು ಫೋಟೋ ತೆಗೆಸಿಕೊಂಡಿರಾ?” ಎಂದು ಕೇಳಿದಳು. ಮರೆತೇ ಹೋಗಿತ್ತು.

ಎರಡನೆಯ ದಿನ: ಕೇಂಬ್ರಿಜ್

ಗ್ರೀನಿಚ್ ವೀಕ್ಷಣಾಲಯದ ಹಳೆಯ ಕಡತಗಳು ಈಗ ಇರುವುದು ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ. ಎತ್ತರದ ಇಟ್ಟಿಗೆ ಗೋಪುರದ ಆ ಕಟ್ಟಡ ದೂರದಿಂದಲೇ ಕಾಣಿಸುತ್ತದೆ. ಓದುಗರ ಚೀಟಿಗೆ ಮೊದಲೇ ಅರ್ಜಿ ಹಾಕಿದ್ದೆ. ಹಸ್ತಪ್ರತಿಗಳ ಕೊಠಡಿಗೆ ಪೆನ್ನು ಒಯ್ಯುವಂತಿಲ್ಲ, ಪೆನ್ಸಿಲ್ ಮಾತ್ರ. ಕಡತಗಳನ್ನು ಸ್ಪಂಜಿನ ಮೆತ್ತೆಯ ಮೇಲೆ, ಎಳೆಗೂಸನ್ನು ಮಲಗಿಸಿದಂತೆ ಇಟ್ಟುಕೊಂಡು ಓದಬೇಕು.

ಏರಿ ಒಂದು ಚೂರು ಕಾಗದವನ್ನೂ ಬಿಸಾಡಿದವರಲ್ಲ. ಬಂದ ಪತ್ರ, ತಾವು ಬರೆದ ಉತ್ತರದ ಪ್ರತಿ, ರಸೀದಿ, ಎಲ್ಲವನ್ನೂ ವಿಷಯವಾರು ಕಟ್ಟುಗಳಾಗಿ ಜೋಡಿಸಿಟ್ಟರು. ಖಾಲಿ ಪೆಟ್ಟಿಗೆಗಳ ಮೇಲೆ ಕೂಡ ‘ಖಾಲಿ’ ಎಂದು ಚೀಟಿ ಬರೆದು ಅಂಟಿಸಿದರು ಎಂಬ ಕಥೆ ಅವರ ಬಗ್ಗೆ ಪ್ರಚಲಿತವಾಗಿದೆ. ಅದನ್ನು ಹೇಳಿ ನಗುವವರಿದ್ದಾರೆ. ನನಗೆ ಆ ಕಟ್ಟುಗಳ ಮುಂದೆ ಕುಳಿತಾಗ ಕೈ ಮುಗಿಯಬೇಕೆನಿಸಿತು. ಅಂಥ ಹಟವಿರದಿದ್ದರೆ ನನ್ನಂಥವನಿಗೆ ನೂರೈವತ್ತು ವರ್ಷಗಳ ಮೇಲೆ ಓದಲು ಏನು ಉಳಿಯುತ್ತಿತ್ತು?

ಈ ರಾಶಿಯಲ್ಲಿ ಅತ್ಯಂತ ಪ್ರಸಿದ್ಧವಾದದ್ದು ನೆಪ್ಚೂನ್ ಕಡತ. ಯುರೇನಸ್ ತನ್ನ ಲೆಕ್ಕದ ದಾರಿಯಿಂದ ಸರಿಯುತ್ತಿರುವುದಕ್ಕೆ ಹೊರಗಿನ ಇನ್ನೊಂದು ಗ್ರಹದ ಸೆಳೆತವೇ ಕಾರಣವಿರಬೇಕೆಂದು ಜಾನ್ ಕೌಚ್ ಆಡಮ್ಸ್ ಎಂಬ ಕೇಂಬ್ರಿಜ್‌ನ ತರುಣ ಗಣಿತಜ್ಞ ಲೆಕ್ಕ ಹಾಕಿದ್ದ. 1845ರ ಅಕ್ಟೋಬರಿನಲ್ಲಿ ಅವನು ಗ್ರೀನಿಚ್‌ಗೆ ಹೋದಾಗ ಏರಿ ಸಿಗಲಿಲ್ಲ. ತನ್ನ ಫಲಿತಾಂಶವನ್ನು ಒಂದು ಹಾಳೆಯಲ್ಲಿ ಬರೆದು ಬಿಟ್ಟುಬಂದ. ನವೆಂಬರ್ 5ರಂದು ಏರಿ ಅವನಿಗೆ ಬರೆದು ಒಂದು ಪ್ರಶ್ನೆ ಕೇಳಿದರು: ಸೂರ್ಯನಿಂದ ಯುರೇನಸ್‌ಗೆ ಇರುವ ದೂರದಲ್ಲಿ ಕಾಣುವ ತಪ್ಪನ್ನೂ ನಿಮ್ಮ ಗ್ರಹ ವಿವರಿಸುತ್ತದೆಯೇ? ಆಡಮ್ಸ್ ಆ ಪತ್ರಕ್ಕೆ ಉತ್ತರ ಕಳುಹಿಸಲಿಲ್ಲ.

ಅತ್ತ ಪ್ಯಾರಿಸ್ಸಿನಲ್ಲಿ ಲೆವೆರ್ಯೆ ಎಂಬ ಗಣಿತಜ್ಞರು ಅದೇ ಲೆಕ್ಕವನ್ನು ಸ್ವತಂತ್ರವಾಗಿ ಮಾಡಿ ಬರ್ಲಿನ್ ವೀಕ್ಷಣಾಲಯದ ಗಾಲೆಗೆ ಬರೆದರು. ಆ ಪತ್ರ 1846ರ ಸೆಪ್ಟೆಂಬರ್ 23ರಂದು ಕೈಸೇರಿತು. ಅದೇ ರಾತ್ರಿ ಗಾಲೆ ಮತ್ತು ಅವರ ಜೊತೆಗಿದ್ದ ವಿದ್ಯಾರ್ಥಿ ದಾರೆಸ್ಟ್ ದೂರದರ್ಶಕ ತಿರುಗಿಸಿದರು. ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೆ ಗ್ರಹ ಸಿಕ್ಕಿತು. ಇತ್ತ ಕೇಂಬ್ರಿಜ್ ವೀಕ್ಷಣಾಲಯದಲ್ಲಿ ಚಾಲಿಸ್ ಆಗಸ್ಟ್‌ನಲ್ಲಿಯೇ ಎರಡು ಸಲ ಆ ಗ್ರಹವನ್ನು ನೋಡಿ ಗುರುತಿಸಿಟ್ಟಿದ್ದರು. ಅದು ಗ್ರಹವೆಂದು ತಿಳಿಯದೆ ನಕ್ಷತ್ರಗಳ ಪಟ್ಟಿಗೆ ಸೇರಿಸಿದ್ದರು! ಉತ್ತರ ಬಾರದ ಒಂದು ಕಾಗದ, ತಲುಪಿದ ದಿನವೇ ಫಲ ಕೊಟ್ಟ ಇನ್ನೊಂದು ಕಾಗದ. ನನ್ನ ಮಟ್ಟಿಗೆ ನೆಪ್ಚೂನಿನ ಕಥೆಯ ತಿರುಳು ಇಷ್ಟೇ. ಆಡಮ್ಸ್‌ನನ್ನೋ ಏರಿಯನ್ನೋ ತಪ್ಪಿತಸ್ಥರನ್ನಾಗಿ ನಿಲ್ಲಿಸುವ ವಾದಗಳು ನೂರಾರು ಪುಟಗಳಷ್ಟಿವೆ. ಏರಿಯ ಪ್ರಶ್ನೆ ಕ್ಷುಲ್ಲಕವೆಂದು ನನಗೆ ತೋರುವುದಿಲ್ಲ. ಮೇಷ್ಟ್ರು ಕೇಳಿದ ಪ್ರಶ್ನೆಗೆ ಜಾಣ ಹುಡುಗ ಸುಮ್ಮನಿದ್ದುಬಿಟ್ಟರೆ ಮೇಷ್ಟ್ರಾದರೂ ಏನು ಮಾಡಬೇಕು?

ಆ ಕಡತವೇ ಒಮ್ಮೆ ಕಾಣೆಯಾಗಿತ್ತು. 1960ರ ದಶಕದಲ್ಲಿ ಮಾಯವಾದದ್ದು, 1998ರಲ್ಲಿ ಖಗೋಳಜ್ಞರೊಬ್ಬರು ತೀರಿಕೊಂಡ ಮೇಲೆ ಅವರ ಸಾಮಾನುಗಳ ನಡುವೆ, ದೂರದ ಚಿಲಿ ದೇಶದಲ್ಲಿ ಸಿಕ್ಕಿತು. ಗ್ರಹವನ್ನು ಹುಡುಕಿದ ಕಾಗದಗಳನ್ನೇ ಮೂವತ್ತು ವರ್ಷ ಹುಡುಕಬೇಕಾಯಿತು.

ಮೂರನೆಯ ದಿನ: ಕ್ಯಾಮ್ಡೆನ್ ಚೌಕ

ಬೆಳಗ್ಗೆ ತುಂತುರು. ಉತ್ತರ ಲಂಡನ್ನಿನ ಕ್ಯಾಮ್ಡೆನ್ ಚೌಕಕ್ಕೆ ಹೋಗಲು ಇದಕ್ಕಿಂತ ಒಳ್ಳೆಯ ದಿನ ಬೇಕೆ? ನಡುವೆ ಮರಗಳಿರುವ ಉದ್ದನೆಯ ಹಸಿರು, ಸುತ್ತ ಮನೆಗಳ ಸಾಲು. ಇಲ್ಲಿಯ 62ನೆಯ ಸಂಖ್ಯೆಯ ಮನೆಯಲ್ಲಿ ಜಾರ್ಜ್ ಜೇಮ್ಸ್ ಸೈಮನ್ಸ್ ಇದ್ದರು. ಹಿತ್ತಲಿನಲ್ಲಿ ಮಳೆಮಾಪಕಗಳು, ಮನೆಯೊಳಗೆ ಪುಸ್ತಕಗಳು ಮತ್ತು ಪತ್ರಗಳು.

ಅವರು ಹುಟ್ಟಿದ್ದು 1838ರಲ್ಲಿ. 1860ರ ಲೆಕ್ಕವನ್ನು ಪ್ರಕಟಿಸಿದಾಗ ಅವರ ಪಟ್ಟಿಯಲ್ಲಿದ್ದದ್ದು 168 ಮಳೆ ಕೇಂದ್ರಗಳು. 1900ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವು ಮೂರು ಸಾವಿರ ದಾಟಿದ್ದವು. ಅಳೆದವರೆಲ್ಲ ಸ್ವಂತ ಆಸಕ್ತಿಯಿಂದ ಮಾಡಿದವರು. ಪಾದ್ರಿಗಳು, ವೈದ್ಯರು, ತೋಟದ ಮಾಲಿಗಳು, ಗೃಹಿಣಿಯರು. ವಯಸ್ಸು, ಅಂತಸ್ತು, ಗಂಡು ಹೆಣ್ಣು ಎಂಬ ಭೇದ ಸೈಮನ್ಸ್ ಮಾಡಲಿಲ್ಲ. ಬೆಳಗ್ಗೆ ಒಂಬತ್ತಕ್ಕೆ ಅಳೆಯಬೇಕು, ಬಿಡದೆ ಬರೆಯಬೇಕು, ವರ್ಷದ ಕೊನೆಗೆ ಕಳುಹಿಸಬೇಕು, ಇಷ್ಟೇ ಷರತ್ತು. ಎಲ್ಲಿಯಾದರೂ ಅಂಕಿ ಅನುಮಾನ ಹುಟ್ಟಿಸಿದರೆ ಕೂಡಲೇ ಕಾಗದ ಹೋಗುತ್ತಿತ್ತು. ಐದು ಇಂಚು ವ್ಯಾಸದ ಬಾಯಿಯುಳ್ಳ ಆ ಮಾಪಕಕ್ಕೆ ಭಾರತದ ತಾಲೂಕು ಕಚೇರಿಗಳ ಅಂಗಳದಲ್ಲಿಯೂ ಅವರ ಹೆಸರೇ ನಿಂತಿತು. ಆ ಮನೆಯ ಎದುರಿನ ಪಾದಚಾರಿ ದಾರಿಯಲ್ಲಿ ಕೊಡೆ ಹಿಡಿದು ನಿಂತಾಗ ನನಗೆ ಅಪ್ಪನ ನೆನಪು ಒತ್ತರಿಸಿ ಬಂದಿತು. ಅಪ್ಪ ಸೈಮನ್ಸ್ ಹೆಸರನ್ನು ಕೇಳಿದ್ದರೋ ಇಲ್ಲವೋ. ಶಿಸ್ತು ಮಾತ್ರ ಅದೇ.

1883ರ ಆಗಸ್ಟ್ 27ರಂದು ಜಾವಾ ಮತ್ತು ಸುಮಾತ್ರಾ ನಡುವಿನ ಕ್ರಾಕಟೋವ ಜ್ವಾಲಾಮುಖಿ ಸಿಡಿಯಿತು. ಸದ್ದು ಸುಮಾರು 4,800 ಕಿಲೋಮೀಟರ್ ಆಚೆಯ ರೊಡ್ರಿಗಸ್ ದ್ವೀಪದವರೆಗೆ ಕೇಳಿಸಿತು. ಸೆಪ್ಟೆಂಬರ್ ಎರಡನೆಯ ವಾರದಲ್ಲಿ ಸಿಂಹಳ ಮತ್ತು ಮದರಾಸು ಸೀಮೆಯಲ್ಲಿ ಸೂರ್ಯ ಹಸಿರಾಗಿ ಕಂಡ. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನ ಅಧ್ಯಾಪಕ ಮಿಕಿ ಸ್ಮಿತ್ ಆ ಹಸಿರು ಸೂರ್ಯನನ್ನು, ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ರೋಹಿತದರ್ಶಕದಲ್ಲಿ ನೋಡಿ ಬರೆದು ಕಳುಹಿಸಿದರು. ಮುಂದೆ ಕೊಡೈಕೆನಾಲಿನ ಸೌರ ವೀಕ್ಷಣಾಲಯವನ್ನು ಕಟ್ಟಿದವರು ಇವರೇ. ಹೊನಲುಲುವಿನಿಂದ ಬಿಷಪ್ ಎಂಬ ಪಾದ್ರಿ ಸೂರ್ಯನ ಸುತ್ತ ಕಂಡ ಮಬ್ಬು ಬಳೆಯನ್ನು ವರ್ಣಿಸಿದರು. ಅದನ್ನು ಇಂದಿಗೂ ‘ಬಿಷಪ್ ಬಳೆ’ ಎನ್ನುತ್ತಾರೆ. ನವೆಂಬರ್ ಹೊತ್ತಿಗೆ ಲಂಡನ್ನಿನ ಸಂಜೆಗಳು ಕೆಂಡವಾದವು. ಚೆಲ್ಸಿಯ ನದಿದಂಡೆಯಲ್ಲಿ ಕುಳಿತು ವಿಲಿಯಂ ಆಸ್ಕ್ರಾಫ್ಟ್ ಎಂಬ ಚಿತ್ರಕಾರ ಸೂರ್ಯಾಸ್ತದ ಬಣ್ಣಗಳು ಕ್ಷಣಕ್ಷಣಕ್ಕೆ ಬದಲಾಗುವುದನ್ನು ನೂರಾರು ಹಾಳೆಗಳಲ್ಲಿ ಹಿಡಿದ.

ರಾಯಲ್ ಸೊಸೈಟಿ ಒಂದು ಸಮಿತಿ ಮಾಡಿತು. ಅಧ್ಯಕ್ಷರು ಸೈಮನ್ಸ್. 1884ರ ಫೆಬ್ರವರಿಯಲ್ಲಿ ಅವರು ಪತ್ರಿಕೆಯ ಮೂಲಕ ಲೋಕವನ್ನೇ ಕೇಳಿಕೊಂಡರು: ಬೂದಿ ಬಿದ್ದದ್ದು ಎಲ್ಲಿ, ಕಡಲಲ್ಲಿ ನೊರೆಗಲ್ಲು ತೇಲಿದ್ದು ಎಲ್ಲಿ, ವಾಯುಭಾರಮಾಪಕ ಅಲುಗಿದ್ದು ಎಷ್ಟು ಹೊತ್ತಿಗೆ, ಆಕಾಶದಲ್ಲಿ ಏನು ಬಣ್ಣ, ಖಚಿತವಾದದ್ದನ್ನು ಬರೆದು ತಿಳಿಸಿ. ಕಾಗದಗಳು ಎಲ್ಲ ದಿಕ್ಕಿನಿಂದ ಬಂದವು. 1888ರಲ್ಲಿ ಹೊರಬಂದ ವರದಿ ಸುಮಾರು ಐನೂರು ಪುಟದ್ದು. ವೀಕ್ಷಣಾಲಯಗಳ ಒತ್ತಡದ ಗೆರೆಗಳನ್ನು ಪಕ್ಕಪಕ್ಕದಲ್ಲಿಟ್ಟಾಗ, ಸ್ಫೋಟದ ಗಾಳಿಯ ಅಲೆ ಭೂಮಿಯ ಮೇಲೆ ಹೋಗಿ ಮರಳಿ ಏಳು ಸಲ ಹಾದದ್ದು ಕಂಡಿತು. ಹಸಿರು ಸೂರ್ಯನ ತಾರೀಕುಗಳನ್ನು ನಕ್ಷೆಯ ಮೇಲಿಟ್ಟಾಗ, ದೂಳಿನ ಮೋಡ ಸಮಭಾಜಕದ ಉದ್ದಕ್ಕೂ ಪಶ್ಚಿಮಾಭಿಮುಖವಾಗಿ ಎರಡು ವಾರದೊಳಗೆ ಭೂಮಿಯನ್ನು ಸುತ್ತಿದ್ದು ಗೊತ್ತಾಯಿತು. ಅಷ್ಟು ಎತ್ತರದಲ್ಲಿ ಅಂಥ ವೇಗದ ಗಾಳಿಯಿದೆ ಎನ್ನುವುದೇ ಹೊಸ ಸುದ್ದಿ. ಬಲೂನು ಏರದೆ, ಗೋಪುರ ಕಟ್ಟದೆ, ಬರೀ ಅಂಚೆಯಿಂದ ಮೇಲಿನ ಗಾಳಿಯನ್ನು ಅಳೆದರು.

ಮೊಣಕೈವರೆಗೆ ನೆನೆದು ಮನೆಗೆ ಬಂದೆ. ಅಳಿಯ ಶುಂಠಿ ಕಷಾಯ ಮಾಡಿಕೊಟ್ಟರು.

ನಾಲ್ಕನೆಯ ದಿನ: ಎಕ್ಸೆಟರ್

ರೆಡಿಂಗ್‌ನಿಂದ ಎಕ್ಸೆಟರ್‌ಗೆ ನೇರ ರೈಲಿದೆ, ಎರಡು ಗಂಟೆಯ ದಾರಿ. ಕಿಟಕಿಯ ಹೊರಗೆ ಹುಲ್ಲು, ಕುರಿ, ಮತ್ತೆ ಹುಲ್ಲು. ಈ ದಿನಕ್ಕಾಗಿ ನಾನು ಕಾದಿದ್ದೆ. ಎಕ್ಸೆಟರ್ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಲಾಕ್ಯರ್ ಅವರ ಪತ್ರಗಳಿವೆ.

ಲಾಕ್ಯರ್ ಯುದ್ಧ ಇಲಾಖೆಯಲ್ಲಿ ಗುಮಾಸ್ತರಾಗಿದ್ದು, ಬಿಡುವಿನಲ್ಲಿ ಸೂರ್ಯನನ್ನು ನೋಡಿದವರು. 1868ರ ಆಗಸ್ಟ್ 18ರ ಖಗ್ರಾಸ ಗ್ರಹಣವನ್ನು ಫ್ರಾನ್ಸಿನ ಖಗೋಳಜ್ಞ ಜಾನ್ಸೆನ್ ಆಂಧ್ರದ ಗುಂಟೂರಿನಲ್ಲಿ ನೋಡಿದರು. ಸೂರ್ಯನ ಅಂಚಿನ ಜ್ವಾಲೆಗಳನ್ನು ರೋಹಿತದರ್ಶಕದ ಮೂಲಕ ಗ್ರಹಣವಿಲ್ಲದ ದಿನವೂ ಕಾಣಬಹುದೆಂದು ಮರುದಿನವೇ ತೋರಿಸಿದರು. ಅವರ ಪತ್ರ ಸಮುದ್ರ ದಾಟಿ ಪ್ಯಾರಿಸ್ಸಿಗೆ ಹೋಗುವಷ್ಟರಲ್ಲಿ ಅಕ್ಟೋಬರ್ ಬಂದಿತ್ತು. ಅದೇ ತಿಂಗಳ 20ರಂದು ಲಂಡನ್ನಿನಲ್ಲಿ ಲಾಕ್ಯರ್ ಅದನ್ನೇ ಕಂಡು, ಅವರೂ ಪ್ಯಾರಿಸ್ ಅಕಾಡೆಮಿಗೆ ಬರೆದರು. ಗುಂಟೂರಿನ ಪತ್ರ, ಲಂಡನ್ನಿನ ಪತ್ರ ಎರಡನ್ನೂ 26ರ ಒಂದೇ ಸಭೆಯಲ್ಲಿ ಓದಲಾಯಿತು. ಫ್ರೆಂಚ್ ಸರ್ಕಾರ ಇಬ್ಬರ ಮುಖಗಳನ್ನೂ ಒಂದೇ ಪದಕದ ಮೇಲೆ ಅಚ್ಚು ಹಾಕಿಸಿತು. ಮೊದಲು ಯಾರು ಎಂಬ ಜಗಳ ಹುಟ್ಟಬಹುದಾಗಿದ್ದ ಜಾಗದಲ್ಲಿ ಗೆಳೆತನ ಹುಟ್ಟಿತು. ನೆಪ್ಚೂನಿನ ಕಥೆ ಓದಿ ಭಾರವಾಗಿದ್ದ ಮನಸ್ಸು ಇದರಿಂದ ಹಗುರವಾಯಿತು.

ಮೂರು ವರ್ಷದ ಮೇಲೆ, 1871ರ ಡಿಸೆಂಬರ್ 12ರಂದು, ಇನ್ನೊಂದು ಖಗ್ರಾಸ ಗ್ರಹಣದ ನೆರಳು ದಕ್ಷಿಣ ಭಾರತವನ್ನು ದಾಟಿತು. ಜಾನ್ಸೆನ್ ನೀಲಗಿರಿಗೆ ಹೋದರು. ಲಾಕ್ಯರ್ ಸಿಂಹಳದ ಮಾರ್ಗವಾಗಿ ಬಂದು, ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಬೇಕಲದಲ್ಲಿ ಇಳಿದರು. ನಮ್ಮ ಬೇಕಲ! ಶಾಲೆಯ ಮಕ್ಕಳನ್ನು ಅಲ್ಲಿಗೆ ಎಷ್ಟು ಸಲ ಪ್ರವಾಸ ಕರೆದೊಯ್ದಿದ್ದೇನೆ. ಕೆಳದಿಯ ಶಿವಪ್ಪ ನಾಯಕ, ಹೈದರ್, ಟಿಪ್ಪು, ಎಲ್ಲರ ಹೆಸರು ಹೇಳಿದ್ದೇನೆ. ಪಟ್ಟಕಗಳನ್ನು ಸಾಲಾಗಿ ಜೋಡಿಸಿ, ಕಪ್ಪಾದ ಸೂರ್ಯನ ಸುತ್ತಲಿನ ಬೆಳಕನ್ನು ಬಣ್ಣಬಣ್ಣದ ಉಂಗುರಗಳಾಗಿ ಬಿಡಿಸಿ ನೋಡಿದ ಈ ಮನುಷ್ಯನ ಹೆಸರನ್ನು ಒಮ್ಮೆಯೂ ಹೇಳಲಿಲ್ಲ.

ಅದೇ ಪ್ರಯಾಣದಲ್ಲಿ ಸಿಂಹಳದ ಜನ ಅವರಿಗೆ ಒಂದು ಮಾತು ಹೇಳಿದ್ದರು: ಮಳೆ ಹೆಚ್ಚುವುದು ಕಡಿಮೆಯಾಗುವುದು ಕೆಲವು ವರ್ಷಗಳ ಒಂದು ಸುತ್ತಿನಲ್ಲಿ ನಡೆಯುತ್ತದೆ. ಸೂರ್ಯನ ಕಲೆಗಳು ಹೆಚ್ಚಿ ತಗ್ಗುವ ಸುತ್ತು ಸುಮಾರು 11 ವರ್ಷದ್ದು. ಎರಡಕ್ಕೂ ನಂಟಿರಬಹುದೇ? ಮಾರಿಷಸ್‌ನಿಂದ ಮೆಲ್ಡ್ರಮ್ ಎಂಬ ಹವಾಮಾನ ತಜ್ಞರು ಚಂಡಮಾರುತಗಳೂ ಸೌರಕಲೆಗಳೊಡನೆ ಏರಿಳಿಯುತ್ತವೆ ಎಂದು ಲೆಕ್ಕ ಕಟ್ಟಿದ್ದರು. 1872ರಲ್ಲಿ ಲಾಕ್ಯರ್ ತಾವೇ ಸಂಪಾದಕರಾಗಿದ್ದ ‘ನೇಚರ್’ ಪತ್ರಿಕೆಯಲ್ಲಿ, ಹವಾಮಾನ ವಿಜ್ಞಾನದಲ್ಲಿಯೂ ಖಗೋಳದಂತೆಯೇ ಬೇಟೆಯಾಡಬೇಕಾದದ್ದು ಒಂದು ಆವರ್ತವನ್ನು ಎಂದು ಬರೆದರು.

ನಾಲ್ಕೇ ವರ್ಷದಲ್ಲಿ ಮಳೆ ಕೈಕೊಟ್ಟಿತು. 1876ರಿಂದ 78ರವರೆಗಿನ ಆ ಬರವನ್ನು ಹಳೆಯ ಮೈಸೂರಿನಲ್ಲಿ ಸಂವತ್ಸರಗಳ ಹೆಸರಿನಿಂದ ‘ಧಾತು ಈಶ್ವರ ಬರ’ ಎಂದೇ ಕರೆಯುತ್ತಾರೆ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿತ್ತು. 1877ರಲ್ಲಿ ಲಾಕ್ಯರ್ ಮತ್ತು ಭಾರತದ ಬ್ರಿಟಿಷ್ ಸರ್ಕಾರದ ಅಂಕಿಅಂಶ ಅಧಿಕಾರಿ ಹಂಟರ್ ಸೌರಕಲೆಗಳಿಗೂ ಬರಗಾಲಕ್ಕೂ ನಂಟು ಕಟ್ಟಿ ಲೇಖನ ಬರೆದರು. ಈ ಲೇಖನದ ಬಗ್ಗೆ ನನ್ನ ಮನಸ್ಸು ಎರಡಾಗುತ್ತದೆ. ಬರ ಬಂದದ್ದು ಮಳೆಯಿಂದ, ಆದರೆ ಜನ ಸತ್ತದ್ದು ಧಾನ್ಯ ಸಾಗಿಹೋದದ್ದರಿಂದ, ಕೂಲಿ ಸಾಲದ್ದರಿಂದ, ಆಳುವವರ ಕೈ ಬಿಗಿಯಾದದ್ದರಿಂದ. ಸೂರ್ಯನ ಮೇಲೆ ಎಲ್ಲ ಹೊರೆ ಹಾಕಿದರೆ ಆಳುವವರ ಹೊರೆ ಇಳಿಯುತ್ತದೆ. ಆದರೂ ಮುಂದಿನ ಬರವನ್ನು ಮೊದಲೇ ತಿಳಿಯಬೇಕೆಂಬ ಆ ಹಂಬಲ ಸುಳ್ಳಾಗಿರಲಿಲ್ಲ.

ಸೌರಕಲೆಯ ಉತ್ತರ ನಿಲ್ಲಲಿಲ್ಲ. ನಿಂತದ್ದು ಕಾಗದಗಳಲ್ಲಿ ಕೂಡಿಬಿದ್ದ ವಾಯುಭಾರದ ಅಂಕಿಗಳು. ಭಾರತದ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್ ಆ ಬರದ ವರ್ಷಗಳ ಲೆಕ್ಕವನ್ನು ಮಾರಿಷಸ್, ಆಸ್ಟ್ರೇಲಿಯಾ, ಸೈಬೀರಿಯಾಗಳ ಲೆಕ್ಕದೊಡನೆ ಹೋಲಿಸಿದಾಗ ಅಲ್ಲೆಲ್ಲ ಒತ್ತಡ ಒಟ್ಟಿಗೇ ಏರಿದ್ದು ಕಂಡಿತು. ಅಡಿಲೇಡ್‌ನಲ್ಲಿ ಖಗೋಳ, ಹವಾಮಾನ, ಅಂಚೆ ಮೂರನ್ನೂ ನೋಡಿಕೊಳ್ಳುತ್ತಿದ್ದ ಚಾರ್ಲ್ಸ್ ಟಾಡ್, ಭಾರತದಲ್ಲಿ ಬರವಿದ್ದಾಗ ಆಸ್ಟ್ರೇಲಿಯಾದಲ್ಲಿಯೂ ಬರವಿರುತ್ತದೆ ಎಂದು 1888ರಲ್ಲಿ ಗುರುತಿಸಿದರು. ಈ ರಾಶಿಯ ಮೇಲೆ ಕುಳಿತು ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್, ಹಿಂದೂ ಮಹಾಸಾಗರ ಮತ್ತು ಶಾಂತ ಸಾಗರಗಳ ನಡುವೆ ಒತ್ತಡ ತಕ್ಕಡಿಯಂತೆ ಏರಿಳಿಯುವುದಕ್ಕೆ 1924ರಲ್ಲಿ ‘ದಕ್ಷಿಣದ ಆಂದೋಲನ’ ಎಂದು ಹೆಸರಿಟ್ಟದ್ದನ್ನು ಇಂದು ಎಲ್ ನಿನೋ, ಅಂದರೆ ಶಾಂತ ಸಾಗರದ ನೀರು ವಾಡಿಕೆಗಿಂತ ಬಿಸಿಯಾಗುವುದು, ಅದರ ಜೊತೆಗೆ ಸೇರಿಸಿ ಓದುತ್ತೇವೆ. ಧಾತು ಈಶ್ವರ ಬರದ ಹಿಂದೆ ಇದ್ದದ್ದು ಒಂದು ಭಾರಿ ಎಲ್ ನಿನೋ.

ಓದುವ ಕೊಠಡಿಯಲ್ಲಿ ಸಂಜೆಯವರೆಗೆ ಕುಳಿತೆ. ಅಕ್ಷರಗಳು ಸುಲಭವಾಗಿ ಬಿಡುವುದಿಲ್ಲ. ಒಂದು ಪುಟಕ್ಕೆ ಹತ್ತು ನಿಮಿಷ ಬೇಕು. ಹತ್ತು ಸಾಲು ಓದಿದ ಮೇಲೆ ಆ ಕೈಬರಹ ಪರಿಚಯದ ದನಿಯಾಗುತ್ತದೆ.

ಐದನೆಯ ದಿನ: ಸಿಡ್ಮತ್

ಎಕ್ಸೆಟರ್‌ನಲ್ಲಿ ರಾತ್ರಿ ತಂಗಿ, ಬೆಳಗ್ಗೆ ಬಸ್ಸು ಹಿಡಿದೆ. ಸಿಡ್ಮತ್ ಕೆಂಪು ಬಂಡೆಗಳ ಸಣ್ಣ ಕಡಲೂರು. ಆ ಕೆಂಪು ನಮ್ಮ ಮುರಕಲ್ಲಿನ ಕೆಂಪನ್ನೇ ಹೋಲುತ್ತದೆ. ಸಾಲ್ಕೂಮ್ ಗುಡ್ಡದ ಮೇಲೆ, 1912ರಲ್ಲಿ, ಮುಪ್ಪಿನ ಲಾಕ್ಯರ್ ಕಟ್ಟಿಸಿದ ವೀಕ್ಷಣಾಲಯವಿದೆ. ಈಗ ಅದನ್ನು ಸ್ವಯಂಸೇವಕರೇ ನಡೆಸುತ್ತಾರೆ. ಗುಮ್ಮಟ ತಿರುಗಿಸಿ ತೋರಿಸಿದ ಹಿರಿಯರಿಗೆ ನನ್ನ ಊರು ಬೇಕಲದ ಹತ್ತಿರ ಎಂದೆ. ಅವರಿಗೆ ಆ ಹೆಸರು ಗೊತ್ತಿತ್ತು! ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ. ಅವರ ತೋಟದಲ್ಲಿಯೂ ಒಂದು ಮಳೆಮಾಪಕವಿದೆಯಂತೆ. ನಿಮ್ಮಲ್ಲಿ ವರ್ಷಕ್ಕೆ ಎಷ್ಟು ಮಳೆ ಎಂದು ಕೇಳಿದರು. ಅಪ್ಪನ ಲೆಕ್ಕದಲ್ಲಿ ನೂರನಲವತ್ತು ಇಂಚಿನ ಆಸುಪಾಸು ಎಂದೆ. ತಾವು ತಪ್ಪಾಗಿ ಕೇಳಿಸಿಕೊಂಡೆವೆಂದು ಇನ್ನೊಮ್ಮೆ ಕೇಳಿದರು. ಜುಲೈ ಒಂದರಲ್ಲಿಯೇ ಎಷ್ಟು ಎಂದು ಮುಂದಿನ ಪ್ರಶ್ನೆ. ನೆನಪಿನಿಂದ ಹೇಳಲು ಮನಸ್ಸಾಗಲಿಲ್ಲ. ಬರೆದು ತಿಳಿಸುತ್ತೇನೆ ಎಂದೆ. ಅವರು ಒಂದು ಚೀಟಿಯಲ್ಲಿ ವಿಳಾಸ ಬರೆದುಕೊಟ್ಟರು.

ಗುಡ್ಡ ಇಳಿದು, ಅಂಚೆ ಕಚೇರಿಯಲ್ಲಿ ಭಾರತಕ್ಕೆ ಹೋಗುವ ಅಂಚೆಚೀಟಿ ಕೊಂಡು, ಕಡಲ ಎದುರಿನ ಬೆಂಚಿನ ಮೇಲೆ ಕುಳಿತು ತಮ್ಮನಿಗೆ ಕಾಗದ ಬರೆದೆ. ಫೋನ್ ಮಾಡಿದ್ದರೆ ಒಂದು ನಿಮಿಷದ ಕೆಲಸ. ಆದರೆ ಅಪ್ಪನ ಪಂಚಾಂಗಗಳನ್ನು ಅಟ್ಟದಿಂದ ಇಳಿಸಿ, ಗೆದ್ದಲು ಹಿಡಿಯದವುಗಳನ್ನು ಬೇರೆ ಮಾಡಿ, ಪ್ರತಿ ವರ್ಷದ ಜುಲೈ ತಿಂಗಳ ಮೊತ್ತವನ್ನು ಸಾಲಾಗಿ ಬರೆದು ಕಳುಹಿಸಬೇಕಾಗಿದೆ. ಯಾವ ದಿನ ಬಿಟ್ಟುಹೋಗಿದೆಯೋ ಅಲ್ಲಿ ಸೊನ್ನೆ ಹಾಕದೆ ಖಾಲಿ ಬಿಡು ಎಂದು ಅಡಿಗೆರೆ ಎಳೆದು ಸೇರಿಸಿದೆ. ಕೆಂಪು ಪೆಟ್ಟಿಗೆಗೆ ಹಾಕಿದೆ. ಮುಂದಿನ ಟಪಾಲು ಸಂಜೆ ಐದೂವರೆಗೆ ತೆಗೆಯುತ್ತಾರೆ ಎಂದು ಅದರ ಮೇಲೆ ಬರೆದಿತ್ತು.